ಕಪ್ಪಗಿರುವುದೆಲ್ಲ ತಂಪಲ್ಲ: ಕಾರಿನ ಗಾಜಿಗೆ ಫಿಲ್ಮ್ ಎಳೆಸುವವರು ನೋಡಬೇಕಾದ್ದೇನು?

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಎನ್ನುವುದು ಹಳಬರ ಮಾತು. ಚಳಿ ಅತ್ತ ಓಡಿದ್ದೇ ತಡ, ಇತ್ತ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರೇಡಿಯಂ ಅಂಗಡಿಗಳಿಗೆ ಗಿರಾಕಿ ಶುರು. ನಂಬರ್ ಪ್ಲೇಟಿಗೆ ಅಕ್ಷರ ಕತ್ತರಿಸುವ, ಆಟೋ ಬೆನ್ನಿಗೆ ‘ತಾಯಿಯ ಆಶೀರ್ವಾದ’ ಅಂಟಿಸುವ ಕೈಗಳೇ ಕಾರಿನ ಗಾಜಿಗೆ ಕೂಲಿಂಗ್ ಫಿಲ್ಮನ್ನೂ ಎಳೆಯುತ್ತವೆ. ಕೈಯಲ್ಲಿ ಸ್ವಲ್ಪ ಕಾಸು ಓಡಾಡುವವರು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೂ ಹೋಗಿ ಬರುತ್ತಾರೆ.

ಕೆಲಸ ಎರಡು ಮೂರು ಗಂಟೆಯದು. ಗಿರಾಕಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿದು ಬರುವಷ್ಟರಲ್ಲಿ ಗಾಜು ಕಪ್ಪಗೆ ಮಿಂಚುತ್ತಿರುತ್ತದೆ. ಒಮ್ಮೆ ಸುತ್ತು ಹಾಕಿ, ತನ್ನ ಮುಖವನ್ನೇ ಗಾಜಿನಲ್ಲಿ ನೋಡಿಕೊಂಡು, ‘ಚೆನ್ನಾಗಿದೆ ಬಿಡಣ್ಣ’ ಎಂದು ಕಾಸು ಎಣಿಸಿ ಹೊರಡುತ್ತಾನೆ. ಆರು ತಿಂಗಳಿಗೆ ಅಂಚು ಏಳುತ್ತದೆ, ವರ್ಷಕ್ಕೆ ಬಣ್ಣ ನೇರಳೆಗೆ ತಿರುಗುತ್ತದೆ. ಅದಕ್ಕೂ ಮೊದಲೇ ಯಾವುದೋ ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದಿದ್ದರೆ ದಂಡವೂ ಹೋಯಿತು, ಫಿಲ್ಮೂ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಹಾಗಾದರೆ ಈ ಕೆಲಸದ ಗುಣಮಟ್ಟ ಅಳೆಯುವುದು ಹೇಗೆ? ಕಣ್ಣು, ಹೆಬ್ಬೆರಳು, ಸ್ವಲ್ಪ ಲೆಕ್ಕ, ಇವಿಷ್ಟಿದ್ದರೆ ಸಾಕು.

ಮೊದಲು ಕಾನೂನಿನ ಮಾತು

ಗಾಜು ಎಷ್ಟು ಬೆಳಕು ಬಿಡಬೇಕು ಎಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಮುಂದಿನ ಮತ್ತು ಹಿಂದಿನ ದೊಡ್ಡ ಗಾಜು ನೂರಕ್ಕೆ 70 ಪಾಲಾದರೂ ಬೆಳಕು ಬಿಡಬೇಕು. ಅಕ್ಕಪಕ್ಕದ ಬಾಗಿಲ ಗಾಜು 50 ಪಾಲಾದರೂ ಬಿಡಬೇಕು. ಅದಕ್ಕಿಂತ ಕಮ್ಮಿಯಾದರೆ ತಪ್ಪು.

ಈ ನಿಯಮ ಬಹಳ ಕಾಲ ಪುಸ್ತಕದಲ್ಲೇ ಇತ್ತು, ರಸ್ತೆ ಮೇಲೆ ಕಪ್ಪು ಗಾಜಿನದೇ ದರ್ಬಾರು. ಕೊನೆಗೆ ಅವಿಷೇಕ್ ಗೋಯೆಂಕಾ ಎಂಬುವರು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2012ರ ಏಪ್ರಿಲ್ 27ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ತೀರ್ಪು ಕೊಟ್ಟಿತು. ಆ ವರ್ಷದ ಮೇ 4ರಿಂದ ಕಾರಿನ ಗಾಜಿನ ಮೇಲೆ ಕಪ್ಪು ಫಿಲ್ಮ್ ಆಗಲಿ, ಮತ್ತಾವುದೇ ವಸ್ತುವಾಗಲಿ ಅಂಟಿಸುವಂತಿಲ್ಲ. ಅಂಟಿಸಿದ್ದರೆ ಪೊಲೀಸರು ಕೇಸು ಹಾಕುವುದಷ್ಟೇ ಅಲ್ಲ, ಕಿತ್ತು ಹಾಕಬೇಕು ಎಂದೂ ಹೇಳಿತು. 70-50ರ ಲೆಕ್ಕ ಕಾರ್ಖಾನೆಯಲ್ಲಿ ತಯಾರಾಗುವ ಗಾಜಿಗೆ ಅನ್ವಯಿಸುವುದೇ ಹೊರತು ಆಮೇಲೆ ಅಂಟಿಸುವ ಫಿಲ್ಮಿಗಲ್ಲ ಎಂಬುದು ಕೋರ್ಟಿನ ವಾದ. ‘ನಮ್ಮ ಫಿಲ್ಮ್ ತೆಳು, ಬೆಳಕು ಬಿಡುತ್ತೆ’ ಎಂದು ಬಂದವರ ಅರ್ಜಿಯನ್ನೂ ಅದೇ ವರ್ಷ ಆಗಸ್ಟ್ 3ರಂದು ತಳ್ಳಿಹಾಕಿತು.

ಅಲ್ಲಿಗೆ ಕತೆ ಮುಗಿಯಲಿಲ್ಲ. ಕೇಂದ್ರ ಸರ್ಕಾರ 100ನೇ ನಿಯಮಕ್ಕೆ ತಿದ್ದುಪಡಿ ತಂದು, ‘ಸೇಫ್ಟಿ ಗ್ಲಾಸ್’ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬ ಮಾತನ್ನೂ ಸೇರಿಸಿತು. ಅದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಈ ಮಾತಿನೊಳಗೆ ಬರುತ್ತದೆ. ಇದನ್ನೇ ಹಿಡಿದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ, 70-50ರ ಮಿತಿಯೊಳಗೆ ಇರುವ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದು ತೀರ್ಪು ಕೊಟ್ಟಿತು.

ಅಂಗಡಿಯವರು ಈಗ ಗಿರಾಕಿ ಮುಂದೆ ಹಿಡಿಯುವುದು ಇದೇ ತೀರ್ಪನ್ನು. ಆದರೆ ಅದು ಕೇರಳದ ತೀರ್ಪು. ನೆಲಮಂಗಲದ ಜಂಕ್ಷನ್ನಿನಲ್ಲಿ ನಿಂತ ಪೊಲೀಸರು ಅದಕ್ಕೆ ತಲೆಬಾಗಲೇಬೇಕೆಂದಿಲ್ಲ. ಅವರ ಕೈಯಲ್ಲಿರುವುದು 2012ರ ಆದೇಶ. ಆದ್ದರಿಂದ ಇಲ್ಲಿ ಫಿಲ್ಮ್ ಎಳೆಸುವವನು ಒಂದು ಮಾತು ತಿಳಿದೇ ಮುಂದುವರಿಯಬೇಕು. ತೆಳು ಫಿಲ್ಮ್ ಹಾಕಿಸಿದವನಿಗೆ ವಾದ ಮಾಡಲು ಒಂದು ದಾರಿಯಾದರೂ ಇದೆ. ಒಳಗೆ ಯಾರಿದ್ದಾರೆಂದೇ ಕಾಣದ ಹಾಗೆ ಕಪ್ಪು ಬಳಿಸಿದವನಿಗೆ ಕೇರಳದಲ್ಲೂ ರಕ್ಷಣೆ ಇಲ್ಲ, ಇಲ್ಲೂ ಇಲ್ಲ. ಬೇರೆ ಶಿಕ್ಷೆ ಹೇಳದ ನಿಯಮಭಂಗಕ್ಕೆಲ್ಲ ಅನ್ವಯಿಸುವ ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1500 ರೂಪಾಯಿವರೆಗೆ ದಂಡ. ವಿಮಾನ ನಿಲ್ದಾಣಕ್ಕೆ ದಿನಾ ಬಾಡಿಗೆ ಹೊಡೆದು ಕಂತು ಕಟ್ಟುವ ಹಳದಿ ಬೋರ್ಡಿನ ಚಾಲಕನಿಗೆ ಇದು ಸಣ್ಣ ಮೊತ್ತವಲ್ಲ.

‘70 ಫಿಲ್ಮ್’ ಅಂದರೆ 70 ಅಲ್ಲ!

ಗಿರಾಕಿ ಮೋಸ ಹೋಗುವ ಮೊದಲ ಜಾಗ ಇದು. ‘ಅಣ್ಣಾ, ಇದು 70 ಪರ್ಸೆಂಟು, ಏನೂ ಆಗಲ್ಲ’ ಎನ್ನುವುದು ಅಂಗಡಿಯ ಮಾಮೂಲು ಮಾತು. ಆ 70 ಬರೀ ಫಿಲ್ಮಿನ ಲೆಕ್ಕ. ಅದು ಹೋಗಿ ಕೂರುವುದು ಗಾಜಿನ ಮೇಲೆ. ಗಾಜಿನ ಲೆಕ್ಕವೇ ಬೇರೆ.

ಈಗಿನ ಕಾರುಗಳಲ್ಲಿ ಕಾರ್ಖಾನೆಯಿಂದಲೇ ತೆಳು ಹಸಿರು ಛಾಯೆಯ ಗಾಜು ಬರುವುದು ಸಾಮಾನ್ಯ. ಆ ಗಾಜು ನೂರಕ್ಕೆ 75 ಪಾಲು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ 70ರ ಫಿಲ್ಮ್ ಕೂತರೆ ಒಳಗೆ ಬರುವುದು ಆ 75ರಲ್ಲಿ ನೂರಕ್ಕೆ 70, ಅಂದರೆ 52.5 ಪಾಲು. ಬಾಗಿಲ ಗಾಜಿಗೆ 50ರ ಗಡಿ ಕೂದಲೆಳೆಯಲ್ಲಿ ದಾಟಿದಂತಾಯಿತು. ಅದೇ ಗಾಜಿಗೆ 50ರ ಫಿಲ್ಮ್ ಹಾಕಿದರೆ ಉಳಿಯುವುದು 37.5. ‘50 ಇದ್ದರೆ ಲೀಗಲ್’ ಎಂದು ಮಾರಿದವನ ಮಾತು ಅಲ್ಲಿಗೆ ಸುಳ್ಳಾಯಿತು. ಮುಂದಿನ ಗಾಜಿನ ಪಾಡು ಇನ್ನೂ ಬಿಗಿ. 75ರ ಗಾಜಿಗೆ 90ರ ಫಿಲ್ಮ್ ಹಾಕಿದರೂ ಸಿಗುವುದು 67.5, 70ಕ್ಕೆ ಕಮ್ಮಿಯೇ.

ಇದನ್ನು ಅಳೆಯಲು ಗಾಜಿನ ಎರಡೂ ಮಗ್ಗುಲಿಗೆ ಹಿಡಿಯುವ ಸಣ್ಣ ಮೀಟರು ಸಿಗುತ್ತದೆ. ನಿಯತ್ತಿನ ಅಂಗಡಿಯವನು ಫಿಲ್ಮ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಗಿರಾಕಿ ಎದುರೇ ಅಳೆದು ತೋರಿಸುತ್ತಾನೆ. ‘ಮೀಟರ್ಗೀಟರ್ ಯಾಕೆ ಸಾರ್, ಕಣ್ಣಲ್ಲೇ ಗೊತ್ತಾಗುತ್ತೆ’ ಎನ್ನುವವನ ಬಳಿ ನಿಲ್ಲಬೇಕಾಗಿಲ್ಲ. ತಕ್ಕಡಿ ಇಲ್ಲದ ದಿನಸಿ ಅಂಗಡಿಯಲ್ಲಿ ಯಾರಾದರೂ ಬೇಳೆ ಕೊಳ್ಳುತ್ತಾರೆಯೇ?

ಕಪ್ಪಿಗೂ ತಂಪಿಗೂ ನಂಟೇನು?

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದ್ದು. ಕಣ್ಣಿಗೆ ಕಾಣುವ ಬೆಳಕನ್ನು ತಡೆದ ಮಾತ್ರಕ್ಕೆ ಈ ಕಾಣದ ಸೆಕೆ ನಿಲ್ಲುವುದಿಲ್ಲ. ಬರೀ ಬಣ್ಣ ಅದ್ದಿದ ಅಗ್ಗದ ಫಿಲ್ಮ್ ಬಿಸಿಲನ್ನು ಹೀರಿಕೊಂಡು ತಾನೇ ಕಾದು, ಆ ಕಾವಿನಲ್ಲೊಂದು ಪಾಲನ್ನು ಒಳಕ್ಕೇ ಬಿಡುತ್ತದೆ. ನೋಡಲು ಕಗ್ಗತ್ತಲು, ಕೂತರೆ ಒಲೆ. ಸೆರಾಮಿಕ್ ಎಂದು ಕರೆಯುವ ಫಿಲ್ಮುಗಳು ಹೆಚ್ಚು ಕಪ್ಪಾಗದೆಯೇ ಈ ಇನ್‌ಫ್ರಾರೆಡ್ಡನ್ನು ತಡೆಯುತ್ತವೆ. ಆದ್ದರಿಂದಲೇ ಅವುಗಳ ಬೆಲೆ ಜಾಸ್ತಿ.

ಅಂಗಡಿಗಳಲ್ಲಿ ಒಂದು ಬಿಸಿ ಬಲ್ಬು, ಅದರ ಮುಂದೆ ಎರಡು ಫಿಲ್ಮಿನ ತುಂಡು ಇಟ್ಟು, ‘ಕೈ ಇಟ್ಟು ನೋಡಿ’ ಎಂದು ತೋರಿಸುತ್ತಾರೆ. ತಪ್ಪಲ್ಲ, ಆದರೆ ಅದು ಬಲ್ಬಿನ ಕಾವು, ಬಿಸಿಲಿನದಲ್ಲ. ಕೇಳಬೇಕಾದ ಅಂಕಿ ಒಂದೇ: ಒಟ್ಟು ಸೌರಶಕ್ತಿಯಲ್ಲಿ ಈ ಫಿಲ್ಮ್ ತಡೆಯುವ ಪಾಲೆಷ್ಟು? ಒಳ್ಳೆಯ ಕಂಪನಿಯ ಹಾಳೆಯಲ್ಲಿ ಇದನ್ನು ಬರೆದಿರುತ್ತಾರೆ. ‘ಯು.ವಿ. 99 ಪರ್ಸೆಂಟ್ ತಡೆಯುತ್ತೆ’ ಎಂಬುದನ್ನು ಕೇಳಿ ಮರುಳಾಗಬಾರದು. ಅದು ಚರ್ಮಕ್ಕೂ ಸೀಟಿನ ಬಣ್ಣಕ್ಕೂ ಒಳ್ಳೆಯದೇ, ಸೆಕೆಗೆ ಅದರಿಂದ ಆಗುವ ಉಪಕಾರ ಅಲ್ಪ.

ಇನ್ನೊಂದು ಎಚ್ಚರ. ಲೋಹದ ಪುಡಿ ಬಳಿದ ಫಿಲ್ಮುಗಳು ರೇಡಿಯೋ ಅಲೆಗೆ ಅಡ್ಡ ಬರುತ್ತವೆ. ಮುಂದಿನ ಗಾಜಿಗೆ ಅಂಥದ್ದನ್ನು ಹಾಕಿಸಿ ಅದರ ಮೇಲೆ ಫಾಸ್ಟ್ಯಾಗ್ ಅಂಟಿಸಿದರೆ, ಸಾದಹಳ್ಳಿ ಟೋಲಿನಲ್ಲೋ ನೆಲಮಂಗಲದ ಟೋಲಿನಲ್ಲೋ ಗೇಟು ಏಳದೆ, ಹಿಂದಿನ ಗಾಡಿಗಳ ಹಾರನ್ನು ಕೇಳುತ್ತಾ ನಿಲ್ಲಬೇಕಾದೀತು.

ಕೆಲಸ ನಡೆಯುವಾಗಲೇ ಕಣ್ಣಿಡಿ

ಟೀ ಅಂಗಡಿಗೆ ಹೋಗುವ ಮುನ್ನ ಹತ್ತು ನಿಮಿಷ ನಿಂತು ನೋಡಿದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಮೊದಲು ಜಾಗ. ಹೆದ್ದಾರಿ ಪಕ್ಕ, ಲಾರಿ ಧೂಳಿನಲ್ಲಿ, ಫುಟ್‌ಪಾತಿನ ಮೇಲೆ ಅಂಟಿಸಿದ ಫಿಲ್ಮಿನೊಳಗೆ ಧೂಳು ಸೇರದೇ ಇರುವುದು ಸಾಧ್ಯವಿಲ್ಲ. ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ ಕೆಲಸ ಮಾಡುವವನು ಕಸುಬು ಬಲ್ಲವನು.

ಎರಡನೆಯದು ತೊಳೆಯುವುದು. ಗಾಜನ್ನು ಒಂದು ಸಲ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಬ್ಲೇಡಿನಿಂದ ಹೆರೆದು, ಶಾಂಪೂ ನೀರು ಹೊಡೆದು, ರಬ್ಬರ್ ಬೀಡಿಂಗಿನ ಸಂದಿಯ ಮಣ್ಣನ್ನೂ ತೆಗೆಯಬೇಕು. ಹಳೆಯ ಫಿಲ್ಮ್ ಕಿತ್ತಿದ್ದರೆ ಅದರ ಗೋಂದು ಚೂರೂ ಉಳಿಯಬಾರದು.

ಮೂರನೆಯದು ಕತ್ತರಿಸುವುದು. ಅವಸರದವನು ಫಿಲ್ಮನ್ನು ಗಾಜಿನ ಮೇಲಿಟ್ಟು ನೇರವಾಗಿ ಕಟರ್ ಎಳೆಯುತ್ತಾನೆ. ಗಾಜಿಗೆ ಗೀರು ಬಿತ್ತೆಂದರೆ ಅದು ಕಾರು ಮಾರುವವರೆಗೂ ಹೋಗುವುದಿಲ್ಲ. ಬೀಡಿಂಗ್ ಕುಯ್ದುಕೊಂಡರೆ ಮಳೆಗಾಲದಲ್ಲಿ ನೀರು ಒಳಕ್ಕೆ. ಕೆಲಸ ಮುಗಿದ ಮೇಲೆ ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡಿದರೆ ಗೀರು ತಿಳಿಯುತ್ತದೆ.

ನಾಲ್ಕನೆಯದು ಬಾಗಿಲಿನೊಳಗಿನ ಸ್ವಿಚ್ಚು. ಗಾಜಿನ ಮೇಲೆ ಹೊಡೆದ ನೀರು ಪವರ್ ವಿಂಡೋ ಸ್ವಿಚ್ಚಿಗೆ, ಸ್ಪೀಕರಿಗೆ ಇಳಿಯುತ್ತದೆ. ಬಾಗಿಲಿಗೆ ಟವೆಲ್ ಹೊದಿಸದೆ ನೀರು ಹೊಡೆಯುವವನನ್ನು ಅಲ್ಲೇ ತಡೆಯುವುದು ಮೇಲು. ಫಿಲ್ಮಿನ ಖರ್ಚಿಗಿಂತ ಸ್ವಿಚ್ಚಿನ ಖರ್ಚು ಹೆಚ್ಚಾದರೆ ಯಾರನ್ನು ಕೇಳುವುದು?

ಗುಳ್ಳೆ ನೋಡಿ ಗಾಬರಿ ಬೇಡ

ಮುಗಿದ ಕೆಲಸವನ್ನು ಮೂಗು ತಾಗಿಸಿ ನೋಡಬಾರದು. ಎರಡು ಮೀಟರ್ ದೂರ ನಿಂತು, ಹಗಲು ಬೆಳಕಿನಲ್ಲಿ, ಆದರೆ ನೇರ ಬಿಸಿಲು ಬೀಳದ ಕಡೆಯಿಂದ ನೋಡುವುದು ಕಸುಬಿನವರು ಒಪ್ಪಿದ ಪದ್ಧತಿ. ಅಲ್ಲಿಂದ ಎದ್ದು ಕಾಣುವ ದೋಷವೇ ದೋಷ.

ಹೊಸ ಫಿಲ್ಮಿನಲ್ಲಿ ಅಲ್ಲಲ್ಲಿ ನೀರಿನ ಗುಳ್ಳೆ, ಸ್ವಲ್ಪ ಮಂಜು ಮಂಜು ಇದ್ದೇ ಇರುತ್ತದೆ. ಅಂಟಿಸಲು ಹೊಡೆದ ನೀರು ಆರಲು ಹೊತ್ತು ಬೇಕು. ಬೇಸಿಗೆಯಲ್ಲಿ ಬೇಗ, ಮಳೆಗಾಲದಲ್ಲಿ ತಡ. ಪೂರ್ತಿ ಆರಲು ಒಂದು ತಿಂಗಳವರೆಗೂ ಹಿಡಿದೀತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಜರುಗಿದರೆ ಅದು ನೀರು, ತಾನೇ ಹೋಗುತ್ತದೆ. ಒತ್ತಿದರೂ ಜಗ್ಗದೆ ಸಾಸಿವೆ ಕಾಳಿನಂತೆ ಗಟ್ಟಿಯಾಗಿ ಕೂತಿದ್ದರೆ ಅದು ಧೂಳು. ಅದು ತಿಂಗಳಾದರೂ ಹೋಗದು, ವರ್ಷವಾದರೂ ಹೋಗದು. ‘ಬಿಸಿಲಿಗೆ ಸರಿಹೋಗುತ್ತೆ ಅಣ್ಣ’ ಎಂಬ ಸಮಾಧಾನ ನೀರಿನ ಗುಳ್ಳೆಗೆ ನಿಜ, ಧೂಳಿಗೆ ಸುಳ್ಳು. ಒಂದೆರಡು ಕಾಳು ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದು. ಗಾಜು ತುಂಬ ಚೆಲ್ಲಿದಂತಿದ್ದರೆ ಆ ಗಾಜನ್ನು ಮತ್ತೆ ಮಾಡಿಸಬೇಕು. ಮಡಿಕೆ ಬಿದ್ದ ಗೆರೆಯೂ ಹಾಗೆಯೇ, ಅದು ಎಂದೂ ನೇರವಾಗದು.

ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಖಾಲಿ ಬಿಡುವುದು ತಪ್ಪಲ್ಲ. ಅಂಚಿಗೆ ತೀರಾ ಒತ್ತಿ ಕೂರಿಸಿದರೆ ಗಾಜು ಇಳಿಸುವಾಗ ಸಿಕ್ಕಿ ಏಳುತ್ತದೆ. ಆದರೆ ಆ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು, ಇಲಿ ಕಡಿದಂತಿರಬಾರದು. ಬಾಗಿಲ ಗಾಜಿನ ಮೇಲಂಚಿನಲ್ಲೇ ಕೈಗುಣ ತಿಳಿಯುವುದು. ಗಾಜಿನ ವಾರೆಯನ್ನೇ ಅನುಸರಿಸಿ ನುಣುಪಾಗಿ ಮುಗಿದಿದೆಯೇ ಎಂಬುದನ್ನು ಗಾಜು ಪೂರ್ತಿ ಏರಿಸುವ ಮುನ್ನ ಕೆಲಸದವನಿಂದಲೇ ತೋರಿಸಿಕೊಳ್ಳಬೇಕು. ಒಮ್ಮೆ ಏರಿಸಿದ ಮೇಲೆ ಮೂರು ನಾಲ್ಕು ದಿನ ಗಾಜು ಇಳಿಸುವಂತಿಲ್ಲ. ಅವಸರದಲ್ಲಿ ಗುಂಡಿ ಒತ್ತಿ ಫಿಲ್ಮ್ ಸುಕ್ಕಾದರೆ ಅಂಗಡಿಯವನನ್ನು ದೂರುವ ಹಾಗಿಲ್ಲ.

ಹಿಂದಿನ ಗಾಜೇ ನಿಜವಾದ ಅಗ್ನಿಪರೀಕ್ಷೆ. ಅದು ಎರಡೂ ಕಡೆ ಬಾಗಿರುವುದರಿಂದ ಹೀಟ್ ಗನ್ನಿನಲ್ಲಿ ಫಿಲ್ಮನ್ನು ಕಾಯಿಸಿ ಕುಗ್ಗಿಸಿಯೇ ಕೂರಿಸಬೇಕು. ಅದು ಬಾರದವನು ತುಂಡು ತುಂಡಾಗಿ ಪಟ್ಟಿ ಅಂಟಿಸಿಬಿಡುತ್ತಾನೆ. ಮಂಜು ಓಡಿಸುವ ಸಣ್ಣ ಕೆಂಪು ತಂತಿಗಳು ಇರುವುದೂ ಅಲ್ಲಿಯೇ. ಬ್ಲೇಡು ತಾಗಿ ಒಂದು ತಂತಿ ಕಡಿದರೆ ಆ ಸಾಲು ಸತ್ತಂತೆ. ಕಾಸು ಕೊಡುವ ಮುನ್ನ ಆ ಗುಂಡಿ ಒತ್ತಿ, ಸ್ವಲ್ಪ ಹೊತ್ತು ಬಿಟ್ಟು ಗಾಜಿನ ಹೊರಗಡೆಯಿಂದ ಮುಟ್ಟಿ ನೋಡುವುದು ಕ್ಷೇಮ.

ಮುಸ್ಸಂಜೆಯ ಪರೀಕ್ಷೆ

ಹಗಲು ಪಾಸಾದ ಗಾಜು ಸಂಜೆ ಫೇಲಾಗಬಹುದು. ಲೈಸೆನ್ಸಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಓದಬಲ್ಲಿರಾ? ಅದನ್ನೇ ಮುಸ್ಸಂಜೆ ಏಳು ಗಂಟೆಗೆ, ಫಿಲ್ಮ್ ಹಾಕಿದ ಗಾಜಿನೊಳಗಿಂದ ಮಾಡಿ ನೋಡಿದರೆ ಸತ್ಯ ಹೊರಬೀಳುತ್ತದೆ. ಪಕ್ಕದ ಕನ್ನಡಿಯಲ್ಲಿ ಹಿಂದಿನ ಬೈಕು ಕಾಣದಿದ್ದರೆ, ಆ ಫಿಲ್ಮ್ ಎಷ್ಟೇ ನುಣುಪಾಗಿ ಕೂತಿದ್ದರೂ ಅದು ಕೆಟ್ಟ ಕೆಲಸ.

ಇದು ಕಾರಿನವರ ವಿಷಯ, ಬಸ್ಸಿನವರಿಗೇನು ಎನ್ನುವಂತಿಲ್ಲ. ಹೊಸಕೋಟೆಯಲ್ಲಿ ಬಸ್ಸಿಳಿದು ಕೋಲಾರ ರಸ್ತೆ ದಾಟುವವರು ನೋಡುವುದು ಕಾರನ್ನಲ್ಲ, ಚಾಲಕನ ಮುಖವನ್ನು. ಅವನು ತನ್ನನ್ನು ನೋಡಿದನೋ ಇಲ್ಲವೋ, ಫೋನಿನಲ್ಲಿ ಮುಳುಗಿದ್ದಾನೋ ಎಂಬುದನ್ನು ತಿಳಿದೇ ಹೆಜ್ಜೆ ಇಡುವುದು. ಕಪ್ಪು ಗಾಜು ಮುಚ್ಚುವುದು ಬಿಸಿಲನ್ನಷ್ಟೇ ಅಲ್ಲ, ಆ ಮುಖವನ್ನೂ. ಒಳಗೆ ನಡೆಯುವುದು ಹೊರಗೆ ಕಾಣದಿದ್ದರೆ ಅಪರಾಧಕ್ಕೆ ಮರೆ ಸಿಕ್ಕಂತೆ ಎಂಬುದೇ 2012ರ ತೀರ್ಪಿನ ಹಿಂದಿನ ಆತಂಕ. ಅದೇ ವರ್ಷ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಆ ಘೋರ ಅತ್ಯಾಚಾರ ನಡೆದದ್ದು ಕಪ್ಪು ಗಾಜು, ಪರದೆ ಇದ್ದ ಬಸ್ಸಿನೊಳಗೆ. ಆದೇಶ ಬಂದು ಏಳು ತಿಂಗಳಾಗಿತ್ತು.

ಅಂಗಡಿ ಗಾಜಿಗೂ ಇದೇ ಮಾತು

ಪಡುವಣ ಬಿಸಿಲು ಬೀಳುವ ಅಂಗಡಿಗಳ ಗಾಜಿನ ಬಾಗಿಲಿಗೂ ಈಗ ಫಿಲ್ಮ್ ಹಾಕಿಸುತ್ತಾರೆ. ಅದಕ್ಕೆ ಮೋಟಾರು ನಿಯಮ ಇಲ್ಲ. ಧೂಳು, ಗುಳ್ಳೆ, ಅಂಚಿನ ಪರೀಕ್ಷೆ ಮಾತ್ರ ಅದೇ. ಜೊತೆಗೆ ಎರಡು ಎಚ್ಚರ. ಕಾರಿನ ಬಾಗಿಲ ಗಾಜು ಹದ ಮಾಡಿದ ಗಟ್ಟಿ ಗಾಜು, ಕಾವು ತಡೆಯುತ್ತದೆ. ಅಂಗಡಿಯದು ಸಾದಾ ಗಾಜಾಗಿದ್ದು, ಅರ್ಧಕ್ಕೆ ಬಿಸಿಲು ಅರ್ಧಕ್ಕೆ ಬೋರ್ಡಿನ ನೆರಳು ಬೀಳುತ್ತಿದ್ದರೆ, ಕಾವು ಹೀರುವ ಕಪ್ಪು ಫಿಲ್ಮಿನಿಂದ ಗಾಜು ತಾನಾಗಿ ಸೀಳಬಹುದು. ಇನ್ನೊಂದು, ಕನ್ನಡಿಯಂತೆ ಹೊಳೆಯುವ ಫಿಲ್ಮಿನ ಮಾಯೆ ಹಗಲಿಗಷ್ಟೇ. ಸಂಜೆ ಒಳಗೆ ದೀಪ ಹಾಕಿದೊಡನೆ ಹೊರಗಿನವರಿಗೆ ಒಳಗಿನದೆಲ್ಲ ಕಾಣುತ್ತದೆ. ಬಟ್ಟೆ ಅಂಗಡಿಯವರು ಟ್ರಯಲ್ ರೂಮಿನ ಕಿಟಕಿಗೆ ಇದನ್ನು ನಂಬಿ ಪರದೆ ತೆಗೆದರೆ ಮಾನ ಹೋಗುವುದು ಗಿರಾಕಿಯದು.

ಕಾಗದ ಕೇಳಲು ಸಂಕೋಚವೇಕೆ?

ಫಿಲ್ಮ್ ಕಂಪನಿಯ ಹೆಸರು, ಅದು ಬಿಡುವ ಬೆಳಕಿನ ಪಾಲು, ವಾರಂಟಿ ಎಷ್ಟು ವರ್ಷ, ವಾರಂಟಿಯಲ್ಲಿ ಏನೇನು ಸೇರಿದೆ, ಇಷ್ಟೂ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಬಣ್ಣ ತಿರುಗುವುದು, ಅಂಚು ಏಳುವುದು, ಗುಳ್ಳೆ ಬರುವುದು ಮೂರೂ ಸೇರಿವೆಯೇ ಎಂದು ಕೇಳಬೇಕು. ಬರೀ ಬಾಯಿ ಮಾತಿನ ವಾರಂಟಿ ಅಂಗಡಿ ಬಾಗಿಲು ದಾಟುವವರೆಗೆ ಮಾತ್ರ. ರಸೀದಿ ಇದ್ದರೆ, ಮಾತು ತಪ್ಪಿದವನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ.

ಇಷ್ಟೆಲ್ಲ ರಗಳೆ ಬೇಡ, ದಂಡದ ಭಯವೂ ಬೇಡ ಎನ್ನುವವರಿಗೆ ಹಳೆಯ ಉಪಾಯಗಳು ಇದ್ದೇ ಇವೆ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಮಡಚುವ ಹೊಳೆಯುವ ಪರದೆ, ಹೊರಡುವಾಗ ಅದು ಡಿಕ್ಕಿಗೆ. ಹತ್ತುವ ಮೊದಲು ನಾಲ್ಕೂ ಬಾಗಿಲು ತೆರೆದು ಎರಡು ನಿಮಿಷ ಸೆಕೆ ಬಿಡುವುದು. ಎಲ್ಲಕ್ಕಿಂತ ಅಗ್ಗದ್ದು, ಒಂದು ಹೊಂಗೆ ಮರ ನೋಡಿ ಗಾಡಿ ನಿಲ್ಲಿಸುವುದು. ಅದಕ್ಕೆ ವಾರಂಟಿಯೂ ಬೇಡ, ಮೀಟರೂ ಬೇಡ. ಮರ ಉಳಿದಿರಬೇಕು, ಅಷ್ಟೆ.